ಪಾದದ ನರಗಂಟು ಮತ್ತು ಶಸ್ತ್ರಚಿಕಿತ್ಸೆ: ಒಂದು ವಿಮರ್ಶೆ

ಚಪ್ಪಲಿಯೊಳಗೆ ಒಂದು ಹರಳು ಸೇರಿಕೊಂಡಂತೆ ಅನಿಸುತ್ತದೆ. ಬಿಚ್ಚಿ ಕೊಡವಿದರೆ ಹರಳಿಲ್ಲ. ಮತ್ತೆ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದರೆ ಅದೇ ಹರಳು, ಅದೇ ಜಾಗ. ಸ್ವಲ್ಪ ಹೊತ್ತಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಕಾಲ್ಬೆರಳುಗಳಲ್ಲಿ ಉರಿ, ಜೋಮು, ಕೆಲವೊಮ್ಮೆ ವಿದ್ಯುತ್ ತಗುಲಿದಂತೆ ಚಳಕು. ಕುಳಿತು ಪಾದವನ್ನು ಒತ್ತಿ ತಿಕ್ಕಿದರೆ ಕಡಿಮೆಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಪಾದದಲ್ಲಿ ಏನೂ ಕಾಣುವುದಿಲ್ಲ.

ಗುಂಡಗುರ್ತಿಯಂತಹ ಊರಿನ ಒಬ್ಬ ಶಿಕ್ಷಕಿಗೆ ಈ ತೊಂದರೆ ಇದೆ ಎಂದು ಭಾವಿಸಿಕೊಳ್ಳೋಣ. ವಯಸ್ಸು ನಲವತ್ತೈದು. ದಿನಕ್ಕೆ ಐದಾರು ತಾಸು ಫರಸಿಕಲ್ಲಿನ ನೆಲದ ಮೇಲೆ ನಿಂತು ಪಾಠ ಹೇಳುವ ಕೆಲಸ. ಮನೆಯಲ್ಲಿ ಒಬ್ಬರು "ಆಣಿ ಆಗ್ಯಾದ" ಎನ್ನುತ್ತಾರೆ, ಇನ್ನೊಬ್ಬರು "ವಾಯು ಹಿಡದದ" ಎನ್ನುತ್ತಾರೆ. ಕೊನೆಗೆ ಪಟ್ಟಣದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ 'ಮಾರ್ಟನ್ಸ್ ನ್ಯೂರೋಮಾ' ಎಂಬ ಹೆಸರು ಸಿಗುತ್ತದೆ. "ನರದಲ್ಲಿ ಗಂಟು ಬೆಳೆದಿದೆ, ತೆಗೆದುಹಾಕಿದರೆ ನೂರರಲ್ಲಿ ಎಂಬತ್ತು ಜನರಿಗೆ ಗುಣವಾಗುತ್ತದೆ" ಎಂಬ ಸಲಹೆಯೂ ಬರುತ್ತದೆ. ಆಕೆ ಒಪ್ಪಬೇಕೇ, ಬೇಡವೇ?

ಈ ಲೇಖನ ಶಸ್ತ್ರಚಿಕಿತ್ಸೆಯ ವಿರುದ್ಧ ಬರೆದದ್ದಲ್ಲ, ವೈದ್ಯರ ಸಲಹೆಗೆ ಬದಲಿಯೂ ಅಲ್ಲ. 'ನೂರರಲ್ಲಿ ಎಂಬತ್ತು' ಎಂಬ ಮಾತು ಎಲ್ಲಿಂದ ಬಂತು, ಅದಕ್ಕೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಉದ್ದೇಶ. ವಿಜ್ಞಾನ ಬೋಧಿಸುವವರಿಗೆ ಮತ್ತು ಕಲಿಯುವವರಿಗೆ ಪುರಾವೆಯನ್ನು ತೂಗಿನೋಡುವ ಅಭ್ಯಾಸಕ್ಕೆ ಈ ಪುಟ್ಟ ರೋಗ ಒಂದು ಒಳ್ಳೆಯ ಪಾಠ.

ಹೆಸರಿನಲ್ಲೇ ತಪ್ಪು

'ನ್ಯೂರೋಮಾ' ಎಂದರೆ ನರದ ಗೆಡ್ಡೆ ಎಂದರ್ಥ. ಆದರೆ ಇಲ್ಲಿರುವುದು ಗೆಡ್ಡೆಯಲ್ಲ. ತೆಗೆದ ನರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಕೆ ಮೀರಿ ವಿಭಜಿಸುವ ಕೋಶಗಳು ಕಾಣುವುದಿಲ್ಲ. ಕಾಣುವುದು ನರದ ಸುತ್ತ ಮತ್ತು ಒಳಗೆ ನಾರುಗಟ್ಟಿದ ಅಂಗಾಂಶ, ಗೋಡೆ ದಪ್ಪಗಾದ ಸಣ್ಣ ರಕ್ತನಾಳಗಳು, ಊತ, ಮತ್ತು ಕ್ಷೀಣಿಸಿದ ನರತಂತುಗಳು. ಬಹಳ ಕಾಲ ಒತ್ತಡಕ್ಕೆ, ಎಳೆತಕ್ಕೆ ಸಿಕ್ಕಿದ ನರದ ಗಾಯದ ಕಲೆ ಇದು ಎನ್ನಬಹುದು. ಇದು ಕ್ಯಾನ್ಸರ್ ಅಲ್ಲ, ಹರಡುವುದೂ ಇಲ್ಲ. 'ಗೆಡ್ಡೆ' ಎಂದಾಕ್ಷಣ ರೋಗಿಯ ಮನಸ್ಸು 'ಕಿತ್ತುಹಾಕಿ' ಎನ್ನುತ್ತದೆ. 'ಒತ್ತಡದಿಂದ ದಪ್ಪಗಾದ ನರ' ಎಂದರೆ 'ಒತ್ತಡ ಕಡಿಮೆ ಮಾಡಬಹುದೇ' ಎಂದು ಕೇಳುತ್ತದೆ. ಹೆಸರು ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು. ಈ ಲೇಖನದಲ್ಲಿ 'ನರಗಂಟು' ಎಂಬ ಪದವನ್ನು ಬಳಸಿದ್ದರೂ ಅದನ್ನು ಈ ಎಚ್ಚರದೊಂದಿಗೇ ಓದಬೇಕು.

ಮಾರ್ಟನ್ ಹೆಸರೂ ಪೂರ್ತಿ ಸರಿಯಲ್ಲ. 1835ರಲ್ಲೇ ಇಟಲಿಯ ಅಂಗರಚನಾ ತಜ್ಞ ಫಿಲಿಪ್ಪೊ ಚಿವಿನೀನಿ ಶವಪರೀಕ್ಷೆಯಲ್ಲಿ ಅಂಗಾಲಿನ ನರದ ಮೇಲೆ ಇಂತಹ ಉಬ್ಬನ್ನು ಕಂಡು ವರ್ಣಿಸಿದ್ದರು. 1845ರಲ್ಲಿ ಬ್ರಿಟನ್ನಿನ ಪಾದಚಿಕಿತ್ಸಕ ಲೂಯಿಸ್ ಡರ್ಲಾಕರ್ ಇದೇ ಬಗೆಯ ನೋವನ್ನು ದಾಖಲಿಸಿದರು. ಅಮೆರಿಕದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಜಾರ್ಜ್ ಮಾರ್ಟನ್ ಲೇಖನ ಪ್ರಕಟಿಸಿದ್ದು 1876ರಲ್ಲಿ. ಅವರು ಇದನ್ನು ನಾಲ್ಕನೆಯ ಬೆರಳಿನ ಬುಡದ ಕೀಲಿನ ತೊಂದರೆ ಎಂದು ತಿಳಿದಿದ್ದರು. ಎಲುಬಿನ ತಲೆಗಳ ನಡುವೆ ನರ ಹಿಸುಕಿಹೋಗುತ್ತದೆ ಎಂದು ಊಹಿಸಿ, ಆ ಕೀಲನ್ನೇ ಕತ್ತರಿಸಿ ತೆಗೆಯುವುದು ಪರಿಹಾರ ಎಂದರು. 1893ರಲ್ಲಿ ಹೋಡ್ಲಿ ಎಂಬ ಶಸ್ತ್ರವೈದ್ಯರು ನರದ ಗಂಟನ್ನು ತೆಗೆದರು. 1940ರಲ್ಲಿ ಆಸ್ಟ್ರೇಲಿಯಾದ ಬೆಟ್ಸ್ ಅವರು ತೊಂದರೆ ಇರುವುದು ನರದಲ್ಲೇ ಎಂದು ಸ್ಪಷ್ಟವಾಗಿ ಪ್ರತಿಪಾದಿಸಿದ ಮೇಲೆ ನರವನ್ನು ಕತ್ತರಿಸಿ ತೆಗೆಯುವ ವಿಧಾನ ವ್ಯಾಪಕವಾಯಿತು. 1948ರಲ್ಲಿ ನಿಸ್ಸೆನ್ ಅವರು ರಕ್ತಪೂರೈಕೆಯ ಕೊರತೆಯೇ ಮೂಲ ಎಂದರು.

ಒಂದೇ ನೋವಿಗೆ ಕೀಲು, ನರ, ರಕ್ತನಾಳ ಎಂದು ಮೂರು ವಿವರಣೆಗಳು. ಪ್ರತಿಯೊಂದು ವಿವರಣೆಯ ಹಿಂದೆಯೂ ಗುಣಮುಖರಾದ ರೋಗಿಗಳಿದ್ದರು. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ನರದ ದಾರಿ

ಹಿಮ್ಮಡಿಯ ಒಳಗಂಟಿನ ಹಿಂದೆ ಇಳಿಯುವ ನರವು ಅಂಗಾಲಿಗೆ ಬಂದು ಒಳಬದಿಯ ಮತ್ತು ಹೊರಬದಿಯ ಎರಡು ಕವಲುಗಳಾಗುತ್ತದೆ. ಅವುಗಳಿಂದ ಹೊರಟ ಸಣ್ಣ ನರಗಳು ಪಾದದ ಉದ್ದೆಲುಬುಗಳ, ಅಂದರೆ ಮೆಟಾಟಾರ್ಸಲ್‌ಗಳ, ನಡುವೆ ಮುಂದಕ್ಕೆ ಸಾಗಿ ಬೆರಳುಗಳ ಸಂದಿಯಲ್ಲಿ ಇಬ್ಭಾಗವಾಗುತ್ತವೆ. ಪ್ರತಿಯೊಂದು ಕವಲೂ ಎದುರುಬದುರಾದ ಎರಡು ಬೆರಳುಗಳ ಬದಿಗಳಿಗೆ ಸಂವೇದನೆ ಕೊಡುತ್ತದೆ. ಉದ್ದೆಲುಬುಗಳ ತಲೆಗಳನ್ನು ಅಡ್ಡಲಾಗಿ ಕಟ್ಟಿಹಿಡಿಯುವ ಒಂದು ಬಲವಾದ ಅಸ್ಥಿರಜ್ಜು ಇದೆ. ನರ ಈ ರಜ್ಜುವಿನ ಕೆಳಗೆ, ಅಂದರೆ ನೆಲದ ಕಡೆಗೆ, ಹಾದುಹೋಗುತ್ತದೆ.

ನಾವು ಹೆಜ್ಜೆ ಎತ್ತುವಾಗ ಹಿಮ್ಮಡಿ ಮೇಲೇಳುತ್ತದೆ, ಬೆರಳುಗಳು ಮೇಲಕ್ಕೆ ಬಾಗುತ್ತವೆ, ಇಡೀ ದೇಹದ ಭಾರ ಮುಂಪಾದದ ಮೇಲೆ ಬೀಳುತ್ತದೆ. ಆಗ ನರ ಬಿಗಿಯಾಗಿ ಎಳೆದುಕೊಂಡು ರಜ್ಜುವಿನ ಅಂಚಿಗೆ ಒತ್ತುತ್ತದೆ. ಎತ್ತರದ ಹಿಮ್ಮಡಿಯ ಪಾದರಕ್ಷೆ ಇಡೀ ದಿನ ಬೆರಳುಗಳನ್ನು ಈ ಭಂಗಿಯಲ್ಲೇ ಇಡುತ್ತದೆ. ಮೂತಿ ಕಿರಿದಾದ ಬೂಟು ಎಲುಬುಗಳನ್ನು ಅಕ್ಕಪಕ್ಕದಿಂದ ಹಿಂಡುತ್ತದೆ. ಈ ತೊಂದರೆ ಗಂಡಸರಿಗಿಂತ ಮಧ್ಯವಯಸ್ಸಿನ ಹೆಂಗಸರಲ್ಲಿ ಹೆಚ್ಚು ಕಾಣುವುದಕ್ಕೆ ಪಾದರಕ್ಷೆ ಒಂದು ಕಾರಣವೆಂದು ಹೇಳುತ್ತಾರೆ.

ಮೂರನೆಯ ಸಂದಿಯಲ್ಲೇ ಏಕೆ ಹೆಚ್ಚು? ಅಲ್ಲಿನ ನರಕ್ಕೆ ಒಳಬದಿ ಮತ್ತು ಹೊರಬದಿಯ ಎರಡೂ ಕವಲುಗಳಿಂದ ತಂತುಗಳು ಬಂದು ಸೇರುವುದರಿಂದ ಅದು ದಪ್ಪವಾಗಿರುತ್ತದೆ ಎಂಬ ಉತ್ತರ ಅನೇಕ ಪುಸ್ತಕಗಳಲ್ಲಿದೆ. ಆದರೆ 1993ರಲ್ಲಿ ಪ್ರಕಟವಾದ ಒಂದು ಶವಛೇದನ ಅಧ್ಯಯನದಲ್ಲಿ ಹೀಗೆ ಕೂಡುವ ಕವಲು ಕಂಡದ್ದು ಸುಮಾರು ಕಾಲುಭಾಗದಷ್ಟು ಪಾದಗಳಲ್ಲಿ ಮಾತ್ರ. ಅದಕ್ಕಿಂತ, ಎರಡನೆಯ ಮತ್ತು ಮೂರನೆಯ ಸಂದಿಗಳು ಉಳಿದವುಗಳಿಗಿಂತ ಇಕ್ಕಟ್ಟಾಗಿವೆ ಎಂಬುದು ಹೆಚ್ಚು ಅರ್ಥಪೂರ್ಣ ವಿವರಣೆ ಎಂದು ಆ ಸಂಶೋಧಕರಿಗೆ ತೋರಿತು. ಇನ್ನೊಂದು ತೊಡಕೂ ಇದೆ. ನರವನ್ನು ರಜ್ಜು ಒತ್ತುವುದೇ ಕಾರಣವಾದರೆ ಗಂಟು ರಜ್ಜುವಿನ ಕೆಳಗೇ ಇರಬೇಕಿತ್ತು. ಆದರೆ 2007ರ ಒಂದು ಅಧ್ಯಯನದಲ್ಲಿ ಗಂಟು ರಜ್ಜುವನ್ನು ದಾಟಿ ಬೆರಳುಗಳ ಕಡೆಗೆ ಇರುವುದು ಕಂಡುಬಂತು. ಹೇಳಲು ಸುಲಭವಾದ, ಚಿತ್ರ ಬರೆದು ತೋರಿಸಬಹುದಾದ ವಿವರಣೆಯೇ ಸರಿಯಾದ ವಿವರಣೆ ಎಂದು ನಂಬಬಾರದು ಎಂಬುದಕ್ಕೆ ಇವು ಉದಾಹರಣೆಗಳು.

ಸ್ಕ್ಯಾನ್ ಹೇಳುವುದು ಎಷ್ಟು?

ಅನುಭವಿ ವೈದ್ಯರು ಮೊದಲು ಕೈಯಿಂದಲೇ ಪರೀಕ್ಷಿಸುತ್ತಾರೆ. ಮುಂಪಾದವನ್ನು ಅಕ್ಕಪಕ್ಕದಿಂದ ಒತ್ತಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸಂದಿಯನ್ನು ಅದುಮಿದಾಗ 'ಟಕ್' ಎಂಬ ಅನುಭವದೊಂದಿಗೆ ಅದೇ ನೋವು ಮರುಕಳಿಸಿದರೆ ಅನುಮಾನ ಬಲವಾಗುತ್ತದೆ. 1951ರಲ್ಲಿ ಇದನ್ನು ವರ್ಣಿಸಿದ ಮುಲ್ಡರ್ ಅವರ ಹೆಸರಿನಲ್ಲಿ ಈ ಪರೀಕ್ಷೆ ಪ್ರಸಿದ್ಧವಾಗಿದೆ. ಅನಂತರ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ.

ಇಲ್ಲೊಂದು ಎಚ್ಚರ ಬೇಕು. 2000ದಲ್ಲಿ ಪ್ರಕಟವಾದ ಒಂದು ಎಂಆರ್‌ಐ ಅಧ್ಯಯನದಲ್ಲಿ, ಈ ರೋಗದ ಯಾವ ಲಕ್ಷಣವೂ ಇಲ್ಲದವರ ಪೈಕಿ ಸುಮಾರು ಮೂರನೇ ಒಂದು ಭಾಗದವರಲ್ಲಿ ನರಗಂಟು ಕಂಡಿತು. ಅಂದರೆ ಗಂಟು ಇದ್ದೂ ನೋವಿಲ್ಲದೆ ಓಡಾಡುವವರು ಬಹಳ ಮಂದಿ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡಬಹುದು. ಇದು ವಿವರಣೆಗಾಗಿ ಮಾಡಿಕೊಂಡ ಲೆಕ್ಕ. ಮುಂಪಾದ ನೋವೆಂದು 100 ಜನ ಬಂದರೆನ್ನಿ. ಅವರಲ್ಲಿ 20 ಜನರಿಗೆ ಮಾತ್ರ ನೋವಿನ ನಿಜವಾದ ಕಾರಣ ನರ. ಉಳಿದ 80 ಜನರಿಗೆ ಕೀಲಿನ ಉರಿಯೂತ, ಎಲುಬಿನ ಸೂಕ್ಷ್ಮ ಬಿರುಕು, ಆಣಿ ಇತ್ಯಾದಿ ಕಾರಣ. ಸ್ಕ್ಯಾನ್ ಮೊದಲ 20ರಲ್ಲಿ 18 ಜನರನ್ನು ಗುರುತಿಸಿತು. ಉಳಿದ 80ರಲ್ಲಿ ಮೂರನೇ ಒಂದು, ಅಂದರೆ ಸುಮಾರು 27 ಜನರಲ್ಲೂ ಗಂಟು ಕಂಡಿತು. ಒಟ್ಟು 'ಗಂಟು ಇದೆ' ಎಂಬ ವರದಿ ಪಡೆದವರು 45. ಅವರಲ್ಲಿ ನರದಿಂದಲೇ ನೋವುಳ್ಳವರು 18, ಶೇಕಡ 40. ಮಿಕ್ಕ 27 ಜನರ ನರವನ್ನು ಕತ್ತರಿಸಿದರೆ ನೋವಿನ ಮೂಲ ಹಾಗೆಯೇ ಉಳಿಯುತ್ತದೆ, ಜೊತೆಗೆ ಜೋಮು ಸೇರುತ್ತದೆ. ಸ್ಕ್ಯಾನಿನ ಚಿತ್ರ ಉಪಯುಕ್ತ; ಆದರೆ ಲಕ್ಷಣ, ಕೈಪರೀಕ್ಷೆ, ಚಿತ್ರ ಮೂರೂ ಒಂದೇ ಕಡೆ ಬೆರಳು ಮಾಡಿದಾಗ ಮಾತ್ರ ಅದಕ್ಕೆ ಬೆಲೆ.

ಕತ್ತರಿಸುವುದು, ಬಿಡಿಸುವುದು

ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಪಾದದ ಮೇಲ್ಭಾಗದಿಂದ, ಬೆರಳುಗಳ ಸಂದಿಯಲ್ಲಿ ಚರ್ಮ ಸೀಳಿ, ಅಡ್ಡರಜ್ಜುವನ್ನು ಕತ್ತರಿಸಿ, ಕೆಳಗಿರುವ ನರವನ್ನು ಗಂಟಿನ ಸಮೇತ ತೆಗೆಯುತ್ತಾರೆ. ಕೆಲವರು ಅಂಗಾಲಿನ ಕಡೆಯಿಂದ ಹೋಗುತ್ತಾರೆ. ಅಲ್ಲಿ ನರ ಸುಲಭವಾಗಿ ಸಿಗುತ್ತದೆ, ಆದರೆ ಗಾಯದ ಕಲೆ ಭಾರ ಬೀಳುವ ಚರ್ಮದಲ್ಲಿ ಉಳಿಯುತ್ತದೆ.

ನರವನ್ನು ಕತ್ತರಿಸಿದಾಗ ಏನಾಗುತ್ತದೆ? ಕಡಿದ ಜಾಗದಿಂದ ಆಚೆಗಿನ ತಂತುಗಳು ಕ್ಷೀಣಿಸುತ್ತವೆ. ಇದನ್ನು 1850ರಲ್ಲಿ ಅಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳಲ್ಲಿ ತೋರಿಸಿದರು. ಈಚೆಗಿನ ತುದಿ ಮಾತ್ರ ಸುಮ್ಮನಿರುವುದಿಲ್ಲ. ಅದರಿಂದ ಹೊಸ ಚಿಗುರುಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ವೇಗದಲ್ಲಿ ಬೆಳೆಯಲಾರಂಭಿಸುತ್ತವೆ. ಮುಂದೆ ಹೋಗಲು ದಾರಿಯಿಲ್ಲದಿದ್ದರೆ ಅವು ಶ್ವಾನ್ ಕೋಶಗಳೊಂದಿಗೆ, ಗಾಯದ ನಾರಿನೊಂದಿಗೆ ಸಿಕ್ಕುಸಿಕ್ಕಾಗಿ ಒಂದು ಉಂಡೆಯಾಗುತ್ತವೆ. ಇದೇ ನಿಜವಾದ ನ್ಯೂರೋಮಾ. ಹೆಸರಿಗೆ ಮಾತ್ರ ನ್ಯೂರೋಮಾ ಆಗಿದ್ದುದನ್ನು ತೆಗೆದ ಶಸ್ತ್ರಕ್ರಿಯೆ ನಿಜವಾದ ನ್ಯೂರೋಮಾವನ್ನು ಉಂಟುಮಾಡಬಲ್ಲದು. ಆ ಉಂಡೆ ಭಾರ ಬೀಳುವ ಜಾಗದಲ್ಲಿದ್ದರೆ ಮೊದಲಿಗಿಂತ ಹೆಚ್ಚು ನೋವಾಗಬಹುದು. ಆದ್ದರಿಂದಲೇ ನುರಿತ ಶಸ್ತ್ರವೈದ್ಯರು ನರವನ್ನು ಎಲುಬಿನ ತಲೆಗಳಿಗಿಂತ ಸಾಕಷ್ಟು ಹಿಂದೆ ಕತ್ತರಿಸಿ, ಅದರ ತುದಿ ಸ್ನಾಯುಗಳ ನಡುವೆ ಹಿಂಜರಿದು ಸೇರುವಂತೆ ನೋಡಿಕೊಳ್ಳುತ್ತಾರೆ. ಇದೊಂದು ಸಣ್ಣ ಶಸ್ತ್ರಕ್ರಿಯೆ ಎಂಬ ಮಾತನ್ನು ಕೇಳುವಾಗ ಈ ವಿವರ ನೆನಪಿರಬೇಕು. ನರ ತೆಗೆದ ಮೇಲೆ ಆ ಎರಡು ಬೆರಳುಗಳ ಒಳಬದಿಗಳಲ್ಲಿ ಸಾಮಾನ್ಯವಾಗಿ ಜೋಮು ಶಾಶ್ವತವಾಗಿ ಉಳಿಯುತ್ತದೆ. ಅದು ತೊಡಕಲ್ಲ, ನಿರೀಕ್ಷಿತ ಫಲ.

ಎರಡನೆಯ ವಿಧಾನದಲ್ಲಿ ನರವನ್ನು ಮುಟ್ಟದೆ ಅಡ್ಡರಜ್ಜುವನ್ನು ಮಾತ್ರ ಕತ್ತರಿಸಿ ಒತ್ತಡ ಬಿಡಿಸುತ್ತಾರೆ. ಬೇಕಾದರೆ ನರದ ಸುತ್ತಲಿನ ನಾರನ್ನು ಬಿಡಿಸುತ್ತಾರೆ. ಸಂವೇದನೆ ಉಳಿಯುತ್ತದೆ. ಈ ವಿಧಾನದ ಬಗ್ಗೆ 1979ರಲ್ಲಿ ಗೋತಿಯೆ ಎಂಬ ಫ್ರೆಂಚ್ ಶಸ್ತ್ರವೈದ್ಯರು 304 ಪ್ರಕರಣಗಳ ವರದಿ ಕೊಟ್ಟರು.

ಎಂಬತ್ತರ ಒಳಗುಟ್ಟು

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನರ ತೆಗೆಯುವ ಶಸ್ತ್ರಕ್ರಿಯೆಯ ಬಗ್ಗೆ ಬಹಳವಾಗಿ ಉಲ್ಲೇಖಗೊಳ್ಳುವ ಅಧ್ಯಯನ 1983ರಲ್ಲಿ ಮ್ಯಾನ್ ಮತ್ತು ರೆನಾಲ್ಡ್ಸ್ ಪ್ರಕಟಿಸಿದ್ದು. ಸುಮಾರು ಶೇಕಡ 80 ರೋಗಿಗಳು ತಮಗೆ ಉತ್ತಮವಾಗಿದೆ ಎಂದರು. ಆದರೆ ಅದೇ ಅಧ್ಯಯನವನ್ನು ಮುಂದೆ ಓದಿದರೆ, ಸುಮಾರು ಮೂರನೇ ಎರಡರಷ್ಟು ಜನರ ಅಂಗಾಲಿನಲ್ಲಿ ಅದೇ ಜಾಗದಲ್ಲಿ ಒಂದಿಷ್ಟು ನೋವು ಉಳಿದಿತ್ತು ಎಂದೂ ತಿಳಿಯುತ್ತದೆ. ಎರಡೂ ಸಂಖ್ಯೆಗಳು ನಿಜ. ಮೊದಲನೆಯದು ಬಾಯಿಂದ ಬಾಯಿಗೆ ಹರಡಿತು, ಎರಡನೆಯದು ಪುಟದಲ್ಲೇ ಉಳಿಯಿತು. 'ತೃಪ್ತಿ' ಮತ್ತು 'ನೋವಿಲ್ಲದಿರುವುದು' ಒಂದೇ ಅಲ್ಲ.

ಇನ್ನು, ನರವನ್ನು ಉಳಿಸಿ ರಜ್ಜುವನ್ನಷ್ಟೇ ಕತ್ತರಿಸಿದ ಗೋತಿಯೆ ಅವರ ವರದಿಯಲ್ಲಿ ಉತ್ತಮಗೊಂಡವರು ಶೇಕಡ 83. ನರ ತೆಗೆದರೆ 80, ಉಳಿಸಿದರೆ 83! ಬೇರೆ ಬೇರೆ ದೇಶದ, ಬೇರೆ ಬೇರೆ ರೋಗಿಗಳ ಈ ಸಂಖ್ಯೆಗಳನ್ನು ನೇರವಾಗಿ ಹೋಲಿಸಿ ಒಂದು ಇನ್ನೊಂದಕ್ಕಿಂತ ಮೇಲು ಎನ್ನುವಂತಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಗುಣವಾಗುವುದಕ್ಕೆ ನರವನ್ನು ತೆಗೆಯುವುದು ಅಗತ್ಯವೇ? ನರ ತೆಗೆಯುವಾಗಲೂ ಅಡ್ಡರಜ್ಜುವನ್ನು ಸಾಮಾನ್ಯವಾಗಿ ಕತ್ತರಿಸುತ್ತಾರೆ. ಫಲ ಕೊಟ್ಟದ್ದು ಯಾವುದು? ಅಥವಾ ಶಸ್ತ್ರಕ್ರಿಯೆಯ ನಂತರ ಕೆಲವು ವಾರ ವಿಶ್ರಾಂತಿ, ಅಗಲವಾದ ಪಾದರಕ್ಷೆ, ಮತ್ತು ಕಾಲಕ್ರಮದಲ್ಲಿ ತಾನಾಗಿಯೇ ಆಗುವ ಇಳಿತ, ಇವುಗಳ ಪಾಲು ಎಷ್ಟು?

ನೋವು ಏರಿಳಿಯುವ ಸ್ವಭಾವದ್ದು. ಜನ ಶಸ್ತ್ರಚಿಕಿತ್ಸೆಗೆ ಒಪ್ಪುವುದು ನೋವು ಅತ್ಯಂತ ಹೆಚ್ಚಾದಾಗ. ಆ ತುತ್ತತುದಿಯಿಂದ ಯಾವ ಚಿಕಿತ್ಸೆಯೂ ಇಲ್ಲದೆ ಅದು ಸ್ವಲ್ಪ ಇಳಿಯುವುದು ಸಹಜ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಇದನ್ನು ಪ್ರತ್ಯೇಕಿಸಲು ನಿಯಂತ್ರಣ ಗುಂಪು ಬೇಕು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಬೇಕು.

ಅಂತಹ ಪ್ರಯೋಗಗಳು ಎಷ್ಟು ನಡೆದಿವೆ? 2004ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಗೆ ಅರ್ಹವಾಗಿ ಸಿಕ್ಕಿದ್ದು ಮೂರೇ ಪ್ರಯೋಗಗಳು, ಒಟ್ಟು 121 ಜನ. ಮೂರರಲ್ಲಿ ಎರಡು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದವು. ಅವೂ ಒಂದು ಬಗೆಯ ಶಸ್ತ್ರಕ್ರಿಯೆಯನ್ನು ಇನ್ನೊಂದು ಬಗೆಯೊಂದಿಗೆ ಹೋಲಿಸಿದವೇ ಹೊರತು, ಶಸ್ತ್ರಕ್ರಿಯೆ ಮಾಡುವುದನ್ನು ಮಾಡದಿರುವುದರೊಂದಿಗೆ ಹೋಲಿಸಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2024ರ ಸಮೀಕ್ಷೆಯಲ್ಲಿ ಪ್ರಯೋಗಗಳು ಆರು, ಜನ 373. ಅಲ್ಲಿಯೂ ನರ ತೆಗೆಯುವ ಬಗ್ಗೆ ಇದ್ದದ್ದು ಅಂಗಾಲಿನಿಂದ ಸೀಳಬೇಕೋ ಮೇಲ್ಭಾಗದಿಂದ ಸೀಳಬೇಕೋ ಎಂಬ ಹೋಲಿಕೆ. ಅದರ ಉತ್ತರವೂ ತೀರ ಅನಿಶ್ಚಿತ ಎಂದು ಸಮೀಕ್ಷಕರು ತೀರ್ಮಾನಿಸಿದರು. 1893ರಿಂದ ನಡೆದುಬಂದಿರುವ ಒಂದು ಶಸ್ತ್ರಕ್ರಿಯೆಯ ಬಗ್ಗೆ ಮೂಲಪ್ರಶ್ನೆಯನ್ನು ಕೇಳುವ ಬದಲು ಎಲ್ಲಿ ಸೀಳಬೇಕೆಂದು ಕೇಳುತ್ತಿದ್ದೇವೆ.

"ಶಸ್ತ್ರಚಿಕಿತ್ಸೆಗೆ ನಿಯಂತ್ರಣ ಗುಂಪು ಹೇಗೆ ಸಾಧ್ಯ? ಸುಮ್ಮನೆ ಚರ್ಮ ಸೀಳಿ ಹೊಲಿಯುವುದೇ?" ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಾಗೆ ಮಾಡಿ ನೋಡಿದ್ದೂ ಉಂಟು. ಮಂಡಿಯ ಸವೆತಕ್ಕೆ ದೂರದರ್ಶಕ ನಳಿಕೆ ತೂರಿಸಿ ಕೀಲನ್ನು ಸ್ವಚ್ಛಗೊಳಿಸುವ ಶಸ್ತ್ರಕ್ರಿಯೆ ಅಮೆರಿಕದಲ್ಲಿ ಬಹಳ ಪ್ರಚಾರದಲ್ಲಿತ್ತು. 2002ರಲ್ಲಿ ಮೋಸ್ಲಿ ಮತ್ತು ಸಂಗಡಿಗರು 180 ರೋಗಿಗಳಲ್ಲಿ, ಅವರ ಒಪ್ಪಿಗೆ ಪಡೆದು, ಕೆಲವರಿಗೆ ನಿಜವಾದ ಶಸ್ತ್ರಕ್ರಿಯೆ, ಕೆಲವರಿಗೆ ಚರ್ಮದ ಮೇಲೆ ಮಾತ್ರ ಸೀಳು ಮಾಡಿ ಫಲಿತಾಂಶ ಪ್ರಕಟಿಸಿದರು. ತೋರಿಕೆಯ ಶಸ್ತ್ರಕ್ರಿಯೆಗಿಂತ ನಿಜವಾದದ್ದು ಮೇಲಾಗಿರಲಿಲ್ಲ. ಪಾದದ ನರಗಂಟಿನ ಶಸ್ತ್ರಕ್ರಿಯೆಯೂ ಹಾಗೆಯೇ ಎಂದು ಇದರಿಂದ ಹೇಳಲಾಗದು. ಪರೀಕ್ಷಿಸದೆ ಹೇಳಲಾಗದು ಎಂಬುದಷ್ಟೇ ಪಾಠ.

ಇನ್ನೊಂದು ಆಕ್ಷೇಪವಿದೆ. ಮುರಿದ ಎಲುಬು ಕೂಡಿಸಲು ಯಾರೂ ನಿಯಂತ್ರಣ ಗುಂಪು ಕೇಳುವುದಿಲ್ಲವಲ್ಲ? ನಿಜ. ಫಲ ಕಣ್ಣಿಗೆ ಕಾಣುವಂತಿದ್ದಾಗ, ಚಿಕಿತ್ಸೆ ಇಲ್ಲದಿದ್ದರೆ ಗತಿ ಏನೆಂದು ಖಚಿತವಾಗಿ ಗೊತ್ತಿದ್ದಾಗ ಅದು ಬೇಕಿಲ್ಲ. ಆದರೆ ಇಲ್ಲಿ ಅಳೆಯುವುದು ನೋವನ್ನು, ಅದೂ ರೋಗಿಯ ಮಾತಿನಿಂದ. ಹಾಗಾಗಿ ಈ ವಿನಾಯಿತಿ ಇದಕ್ಕೆ ಸಲ್ಲದು.

ಚುಚ್ಚುಮದ್ದಿಗೂ ಇದೇ ಅಳತೆ

ವಿಮರ್ಶೆ ಒಂದೇ ಕಡೆಗೆ ವಾಲಬಾರದು. ಶಸ್ತ್ರಕ್ರಿಯೆಗೆ ಪರ್ಯಾಯವಾಗಿ ಹೇಳುವ ಚಿಕಿತ್ಸೆಗಳನ್ನೂ ಇದೇ ತಕ್ಕಡಿಯಲ್ಲಿಡಬೇಕು. ಗಂಟಿನ ಸುತ್ತ ಆಲ್ಕೊಹಾಲ್ ಚುಚ್ಚಿ ನರವನ್ನು ನಿಷ್ಕ್ರಿಯಗೊಳಿಸುವ ವಿಧಾನಕ್ಕೆ ಮೊದಮೊದಲು ಶೇಕಡ 80ಕ್ಕೂ ಹೆಚ್ಚು ಯಶಸ್ಸಿನ ವರದಿಗಳು ಬಂದವು. 2013ರಲ್ಲಿ ಬ್ರಿಟನ್ನಿನ ತಂಡವೊಂದು ಅಂತಹ 45 ರೋಗಿಗಳನ್ನು ಐದು ವರ್ಷದ ನಂತರ ವಿಚಾರಿಸಿದಾಗ ಲಕ್ಷಣಗಳಿಲ್ಲದೆ ಉಳಿದವರು ಶೇಕಡ 29 ಮಾತ್ರ. ಮೂರನೇ ಒಂದಕ್ಕಿಂತ ಹೆಚ್ಚು ಜನ ಅಷ್ಟರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು.

ಸ್ಟೀರಾಯ್ಡ್ ಚುಚ್ಚುಮದ್ದಿನ ಬಗ್ಗೆ 2013ರಲ್ಲೇ ಪ್ರಕಟವಾದ ಸ್ಕಾಟ್ಲೆಂಡಿನ ಒಂದು ಪ್ರಯೋಗ ಉತ್ತಮ ಮಾದರಿಯದು. 131 ಜನರಲ್ಲಿ ಅರ್ಧದಷ್ಟು ಮಂದಿಗೆ ಸ್ಟೀರಾಯ್ಡ್ ಮತ್ತು ಅರಿವಳಿಕೆ, ಉಳಿದವರಿಗೆ ಅರಿವಳಿಕೆ ಮಾತ್ರ. ಮೂರು ತಿಂಗಳಲ್ಲಿ ಸ್ಟೀರಾಯ್ಡ್ ಪಡೆದವರ ಪಾದದ ಸ್ಥಿತಿ ಹೆಚ್ಚು ಸುಧಾರಿಸಿತ್ತು. ಆದರೆ ಈ ಪ್ರಶ್ನೆಯ ಪ್ರಯೋಗಗಳನ್ನು ಕೂಡಿಸಿ ನೋಡಿದ 2024ರ ಸಮೀಕ್ಷೆ, ಮೂರರಿಂದ ಹನ್ನೆರಡು ತಿಂಗಳ ಅವಧಿಯ ನೋವಿನಲ್ಲಿ ಎರಡರ ನಡುವೆ ವ್ಯತ್ಯಾಸ ಅತ್ಯಲ್ಪವಿರಬಹುದು ಎಂದಿತು. ಸ್ಟೀರಾಯ್ಡ್‌ನಿಂದ ಅಂಗಾಲಿನ ಮೆತ್ತೆಯಂತಹ ಕೊಬ್ಬು ಕರಗಬಹುದು, ಚರ್ಮದ ಬಣ್ಣ ಮಾಸಬಹುದು, ಮಧುಮೇಹಿಗಳಲ್ಲಿ ಸಕ್ಕರೆ ಕೆಲವು ದಿನ ಏರಬಹುದು. ಹೀಗೆ ಯಾವುದಕ್ಕೂ ಬಲವಾದ ಪುರಾವೆಯಿಲ್ಲದಿದ್ದಾಗ ಒಂದು ಸರಳ ಸೂತ್ರವನ್ನು ಅನುಸರಿಸಬಹುದು: ಬೇಡವೆನಿಸಿದರೆ ಹಿಂದಕ್ಕೆ ಪಡೆಯಬಹುದಾದುದನ್ನು ಮೊದಲು ಮಾಡು, ಹಿಂದಕ್ಕೆ ಪಡೆಯಲಾಗದ್ದನ್ನು ಕೊನೆಗೆ. ಪಾದರಕ್ಷೆ ಬದಲಿಸಬಹುದು, ಎಲುಬಿನ ತಲೆಗಳ ಸ್ವಲ್ಪ ಹಿಂದೆ ಇಡುವ ಮೆತ್ತೆಯನ್ನು ತೆಗೆಯಬಹುದು. ಕತ್ತರಿಸಿದ ನರ ಮೊದಲಿನಂತಾಗದು.

ನಮ್ಮ ನೆಲದ ಮೂರು ಮಾತು

ಮೇಲಿನ ಅಧ್ಯಯನಗಳು ಹೆಚ್ಚಾಗಿ ಬೂಟು ಹಾಕಿ ನಡೆಯುವ ದೇಶಗಳವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಗೆ ಅವನ್ನು ಹಾಗೆಯೇ ತಂದು ಅನ್ವಯಿಸಬಹುದೇ?

ಮೊದಲನೆಯದು, ಸಂವೇದನೆಯ ಬೆಲೆ. ಇಲ್ಲಿ ತೊಗರಿ ಹೊಲಕ್ಕೆ ಬರಿಗಾಲಲ್ಲಿ ಇಳಿಯುವವರಿದ್ದಾರೆ. ಭೀಮಾ ಕಣಿವೆಯ ಸುಣ್ಣಕಲ್ಲಿನ ಕ್ವಾರಿಗಳಲ್ಲಿ ಫರಸಿ ಸೀಳುವವರು, ಸಿಮೆಂಟ್ ಕಾರ್ಖಾನೆಗಳಲ್ಲಿ ಮೂತಿಗೆ ಉಕ್ಕಿನ ತಗಡಿರುವ ರಕ್ಷಣಾ ಬೂಟು ಹಾಕಿ ಪಾಳಿ ದುಡಿಯುವವರಿದ್ದಾರೆ. ನಗರದ ಕಚೇರಿಯಲ್ಲಿ ಎರಡು ಬೆರಳ ಸಂದಿಯ ಜೋಮು ದೊಡ್ಡ ನಷ್ಟವಲ್ಲ. ಜಾಲಿ ಮುಳ್ಳು ಚುಚ್ಚಿದ್ದು, ಕಲ್ಲಿನ ಚೂರು ಹೊಕ್ಕಿದ್ದು ತಿಳಿಯದಿದ್ದರೆ ಗಾಯ ಕೀವಾಗುವ ತನಕ ಗಮನಕ್ಕೆ ಬಾರದು. ಅಂಗಾಲಿನ ಮೇಲಿನ ಕಲೆಯೂ ಬರಿಗಾಲಿನವರಿಗೆ ಭಾರ. ಬೂಟು ಧರಿಸುವ ಕಾರ್ಮಿಕರು ನೋವೆಂದು ರಕ್ಷಣಾ ಬೂಟನ್ನೇ ಬಿಡಬಾರದು. ಅಗಲ ಹೆಚ್ಚಿರುವ ಅಳತೆಯನ್ನು ಕೇಳಿ ಪಡೆಯಬೇಕು.

ಎರಡನೆಯದು, ರೋಗನಿರ್ಣಯ. ನಮ್ಮಲ್ಲಿ ಪಾದದ ಉರಿ, ಜೋಮು ಎಂದಾಕ್ಷಣ ನೆನಪಿಗೆ ಬರಬೇಕಾದ ಎರಡು ರೋಗಗಳು ಮಧುಮೇಹ ಮತ್ತು ಕುಷ್ಠ. ಮಧುಮೇಹದ ನರದೌರ್ಬಲ್ಯ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಕಾಲುಚೀಲ ಹಾಕಿದಂತೆ ಹರಡುತ್ತದೆ. ನರಗಂಟಿನ ನೋವು ಒಂದು ಸಂದಿಗೆ, ಎರಡು ಬೆರಳಿಗೆ ಸೀಮಿತ. ಕುಷ್ಠದಲ್ಲಿ ಹ್ಯಾನ್ಸನ್ 1873ರಲ್ಲಿ ಕಂಡ ಬ್ಯಾಕ್ಟೀರಿಯಾ ನರದ ಶ್ವಾನ್ ಕೋಶಗಳನ್ನೇ ಹೊಕ್ಕು ನರವನ್ನು ದಪ್ಪಗಾಗಿಸುತ್ತದೆ. ಹಿಮ್ಮಡಿಯ ಒಳಗಂಟಿನ ಹಿಂದೆ ಆ ದಪ್ಪ ನರ ಬೆರಳಿಗೆ ಸಿಗಬಹುದು, ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಗಳಿರಬಹುದು. ಭಾರತ 2005ರ ಡಿಸೆಂಬರ್‌ನಲ್ಲಿ ಕುಷ್ಠ 'ನಿವಾರಣೆ'ಯ ಗುರಿ ಮುಟ್ಟಿತು ಎಂದರೆ 10,000 ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳು ಎಂದರ್ಥ, ರೋಗವೇ ಇಲ್ಲವೆಂದಲ್ಲ. ಅಲ್ಲಿಯೂ ನರ ಊದಿಕೊಳ್ಳುತ್ತದೆ, ಅಲ್ಲಿಯೂ ನೋವಿದೆ. ಆದರೆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಬಹುಔಷಧ ಚಿಕಿತ್ಸೆ ಮತ್ತು ಅಗತ್ಯವಿದ್ದರೆ ಸ್ಟೀರಾಯ್ಡ್. ಸಂವೇದನೆ ಆಗಲೇ ಕುಗ್ಗಿದ ಇಂತಹ ಪಾದದಲ್ಲಿ ಇನ್ನೊಂದು ನರವನ್ನು ಕಳೆದುಕೊಳ್ಳುವುದು ವ್ರಣಕ್ಕೆ ದಾರಿ. ಶಸ್ತ್ರಕ್ರಿಯೆಗೆ ಮುನ್ನ ಸಕ್ಕರೆಯ ಪರೀಕ್ಷೆ ಮತ್ತು ನರಗಳ ಪೂರ್ಣ ಪರೀಕ್ಷೆ ಆಗಿರಲೇಬೇಕು.

ಮೂರನೆಯದು, ಲೆಕ್ಕಕ್ಕೆ ಸಿಗದವರು. ಕಲಬುರಗಿಯಲ್ಲಿ 1963ರಿಂದ ವೈದ್ಯಕೀಯ ಕಾಲೇಜಿದೆ. ಮೂಳೆ ತಜ್ಞರು ತೀರ ದೂರವಿಲ್ಲ. ಕಷ್ಟ ಇರುವುದು ಮರಳಿ ಹೋಗುವುದರಲ್ಲಿ. ಹೊಲಿಗೆ ಬಿಚ್ಚಿಸಿಕೊಂಡ ಕೂಲಿಕಾರ್ಮಿಕ ಎರಡು ವರ್ಷದ ನಂತರ ನೋವು ಮರುಕಳಿಸಿದೆ ಎಂದು ಹೇಳಲು ಒಂದು ದಿನದ ಕೂಲಿ ಬಿಟ್ಟು ಬರುವುದಿಲ್ಲ. ಆತ ಬರಲಿಲ್ಲವಾದ್ದರಿಂದ ಗುಣವಾಗಿದೆ ಎಂದು ವೈದ್ಯರು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಹೀಗೆ ಯಾರೂ ಸುಳ್ಳು ಹೇಳದೆಯೇ ಯಶಸ್ಸಿನ ಸಂಖ್ಯೆ ಏರುತ್ತದೆ. ಆಲ್ಕೊಹಾಲ್ ಚುಚ್ಚುಮದ್ದಿನ ಕಥೆ ಬಯಲಾದದ್ದು ಐದು ವರ್ಷದ ನಂತರ ಯಾರೋ ಹುಡುಕಿಕೊಂಡು ಹೋಗಿ ಕೇಳಿದ್ದರಿಂದ. ಒಂದು ವರ್ಷಕ್ಕೆ, ಐದು ವರ್ಷಕ್ಕೆ ಒಂದೊಂದು ದೂರವಾಣಿ ಕರೆ ಮಾಡಿ ವಹಿಯಲ್ಲಿ ಬರೆದಿಡುವುದು ದುಬಾರಿ ಕೆಲಸವಲ್ಲ. ಬರಿಗಾಲಿನ, ಚಪ್ಪಲಿಯ, ಗಣಿಬೂಟಿನ ಪಾದಗಳ ಬಗ್ಗೆ ನಮ್ಮದೇ ಅಂಕಿ ಅಂಶ ಹೀಗೆ ಮಾತ್ರ ಹುಟ್ಟಬಹುದು.

ಹಾಗಾದರೆ ಶಿಕ್ಷಕಿ ಏನು ಮಾಡಬೇಕು?

ನೋವು ಲಕ್ಷಣಕ್ಕೆ ಸರಿಹೊಂದಿ, ಕೈಪರೀಕ್ಷೆ ಮತ್ತು ಸ್ಕ್ಯಾನ್ ಒಂದೇ ಸಂದಿಯನ್ನು ತೋರಿಸಿ, ಬೇರೆ ರೋಗಗಳನ್ನು ತಳ್ಳಿಹಾಕಿ, ಅಗಲವಾದ ತಗ್ಗು ಹಿಮ್ಮಡಿಯ ಪಾದರಕ್ಷೆ ಮತ್ತು ಮೆತ್ತೆಯನ್ನು ಕೆಲವು ತಿಂಗಳು ನಿಷ್ಠೆಯಿಂದ ಬಳಸಿಯೂ ನಡೆಯುವುದೇ ಕಷ್ಟವಾಗಿದ್ದರೆ, ಶಸ್ತ್ರಚಿಕಿತ್ಸೆಗೆ ಒಪ್ಪುವುದು ಅವಿವೇಕವಲ್ಲ. ಅನೇಕರಿಗೆ ಅದರಿಂದ ನೆಮ್ಮದಿ ಸಿಕ್ಕಿದೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಆಕೆ ನಾಲ್ಕು ಪ್ರಶ್ನೆ ಕೇಳಬೇಕು. ನರವನ್ನು ತೆಗೆಯುತ್ತೀರೋ, ಒತ್ತಡ ಬಿಡಿಸುತ್ತೀರೋ, ಏಕೆ? ಎಲ್ಲಿಂದ ಸೀಳುತ್ತೀರಿ? ನರದ ತುದಿ ಎಲ್ಲಿ ಉಳಿಯುತ್ತದೆ? ನೋವು ಮರುಕಳಿಸಿದರೆ ಮುಂದೇನು? ಈ ಪ್ರಶ್ನೆಗಳನ್ನು ಒಳ್ಳೆಯ ಶಸ್ತ್ರವೈದ್ಯರು ಸ್ವಾಗತಿಸುತ್ತಾರೆ.

ಕೊನೆಗೆ ತರಗತಿಗೊಂದು ಚಟುವಟಿಕೆ. ಪ್ರತಿ ವಿದ್ಯಾರ್ಥಿಯೂ ಬರಿಗಾಲಲ್ಲಿ ಕಾಗದದ ಮೇಲೆ ನಿಂತು ಪಾದದ ಅಂಚನ್ನು ಪೆನ್ಸಿಲಿನಿಂದ ಗುರುತಿಸಲಿ. ಆ ಗೆರೆಯ ಮೇಲೆ ತಾನು ದಿನವೂ ಹಾಕುವ ಬೂಟನ್ನೋ ಚಪ್ಪಲಿಯನ್ನೋ ಇಟ್ಟು ಅದರ ಅಂಚನ್ನೂ ಬರೆಯಲಿ. ಪಾದದ ಗೆರೆ ಪಾದರಕ್ಷೆಯ ಗೆರೆಯಿಂದ ಎಲ್ಲಿ, ಎಷ್ಟು ಮಿಲಿಮೀಟರ್ ಹೊರಗೆ ಬಂದಿದೆ ಎಂದು ಅಳೆದು ಪಟ್ಟಿ ಮಾಡಲಿ. ಹುಡುಗರ ಮತ್ತು ಹುಡುಗಿಯರ ಸರಾಸರಿಯನ್ನು ಬೇರೆ ಬೇರೆ ತೆಗೆಯಲಿ. ಶಿಕ್ಷಕರೂ ತಮ್ಮ ಪಾದವನ್ನು ಅದೇ ಕಾಗದದ ಮೇಲಿಡಲಿ.